ಅಲ್ಯೂಮಿನಿಯಂ ಬಾಡಿಯ ಪಿಕಪ್‌ಗೆ ಸಿಬಿ ಆಂಟೆನಾ: ಜಾಗ ಹುಡುಕಿದ ಕಥೆ

ಗಾಡಿ 2018ರ ಫೋರ್ಡ್ ಎಫ್-150. ನಾಲ್ಕು ಬಾಗಿಲು, ಹಿಂದೆ ಸಾಮಾನು ಹಾಕುವ ಐದೂವರೆ ಅಡಿ ಬೆಡ್. ಮೇಲೆ ಗಾಜಿನ ಸನ್‌ರೂಫ್. ಇದರ ಮೇಲೆ ಸಿಬಿ ರೇಡಿಯೋದ (ಸಿಟಿಜನ್ಸ್ ಬ್ಯಾಂಡ್, ಗಾಡಿಯಿಂದ ಗಾಡಿಗೆ ಮಾತಾಡುವ ವೈರ್‌ಲೆಸ್) ಆಂಟೆನಾ ಎಲ್ಲಿ ಕೂರಿಸಬೇಕು ಅನ್ನುವುದು ಪ್ರಶ್ನೆ. ರೇಡಿಯೋ ಯಾವುದು ಅನ್ನುವುದು ಅಷ್ಟು ಮುಖ್ಯವಲ್ಲ. ಅಮೆರಿಕದ ಕಾನೂನಿನಲ್ಲಿ ಸಿಬಿಗೆ ಎಎಂನಲ್ಲಿ 4 ವ್ಯಾಟ್ ಮಾತ್ರ, ಅಗ್ಗದ ಸೆಟ್ಟಿಗೂ ಅಷ್ಟೇ, ದುಬಾರಿ ಸೆಟ್ಟಿಗೂ ಅಷ್ಟೇ. ಆ ನಾಲ್ಕು ವ್ಯಾಟ್ ಎಷ್ಟು ದೂರ ಹೋಗುತ್ತದೆ ಅನ್ನುವುದು ಆಂಟೆನಾ ಮತ್ತು ಅದು ಕೂತ ಜಾಗದ ಮೇಲೆ ನಿಂತಿದೆ.

ಈ ಕಾಲದಲ್ಲಿ ಸಿಬಿ ಯಾಕೆ ಅಂತ ಕೇಳುವವರಿಗೆ: ನಾವು ಎರಡು ಕುಟುಂಬ, ಇಬ್ಬರ ಹತ್ತಿರವೂ ಎಳೆಯುವ ಟ್ರೇಲರ್ ಇದೆ, ಕ್ಯಾಲಿಫೋರ್ನಿಯಾದ ಬಯಲಿನಿಂದ ಸಿಯೆರಾ ಬೆಟ್ಟ ಹತ್ತಿ ಆಚೆ ಹೋಗುತ್ತಿರುತ್ತೇವೆ. ಬೆಟ್ಟದೊಳಗೆ ಎಷ್ಟೋ ಕಡೆ ಫೋನ್ ಸಿಗ್ನಲ್ ಸತ್ತಿರುತ್ತದೆ. ಐ-80 ಹೆದ್ದಾರಿಯಲ್ಲಿ ಡಾನರ್ ಘಾಟಿ 7,200 ಅಡಿ ಮೇಲೆ ಇದೆ. ಹಿಮ ಬಿದ್ದಾಗ ಅಲ್ಲಿ ಚಕ್ರಕ್ಕೆ ಚೈನ್ ಕಟ್ಟಿ ಅಂತ ತಡೆಯುತ್ತಾರೆ. ಮುಂದೆ ಎಲ್ಲಿ ನಿಲ್ಲಿಸುತ್ತಿದ್ದಾರೆ, ಯಾವ ಲೇನ್‌ನಲ್ಲಿ ಲಾರಿ ಅಡ್ಡ ನಿಂತಿದೆ ಅನ್ನುವುದು ಲಾರಿಯವರು ಮಾತಾಡುವ ಚಾನೆಲ್ 19ರಲ್ಲಿ ಮೊದಲು ಬರುತ್ತದೆ, ಫೋನಿನ ಮ್ಯಾಪ್‌ನಲ್ಲಿ ಆಮೇಲೆ. ಐ-5ರ ಉದ್ದಕ್ಕೂ ಪಶ್ಚಿಮ ಕರಾವಳಿಯ ಲಾರಿಯವರು 19ರ ಬದಲು 17 ಬಳಸುವುದೇ ಜಾಸ್ತಿ, ಅದೂ ಗೊತ್ತಿರಲಿ. ಇಲ್ಲಿ ಪಂಜಾಬಿ ಲಾರಿ ಡ್ರೈವರ್‌ಗಳು ತುಂಬಾ ಇದ್ದಾರೆ, ಹಾಗಾಗಿ ರೇಡಿಯೋದಲ್ಲಿ ಪಂಜಾಬಿ ಕೇಳಿಸಿದರೂ ಆಶ್ಚರ್ಯ ಇಲ್ಲ. ಕನ್ನಡ ಮಾತ್ರ ನಮ್ಮಿಬ್ಬರದೇ. ಕ್ಯಾಂಪ್‌ಗ್ರೌಂಡ್‌ನಲ್ಲಿ ನಾನು ಟ್ರೇಲರ್ ರಿವರ್ಸ್ ತೆಗೆಯುವಾಗ ಗೆಳೆಯ ತನ್ನ ಗಾಡಿಯಲ್ಲಿ ಕೂತೇ ಮೈಕ್‌ನಲ್ಲಿ "ಬರ್ಲಿ ಬರ್ಲಿ ಬರ್ಲಿ, ಹೋಲ್ಡಾನ್" ಅಂತ ಕೂಗುತ್ತಾನೆ, ಪಕ್ಕಾ ಲಾರಿ ಕ್ಲೀನರ್.

ಅವನದು ಟೊಯೋಟಾ ಟಕೋಮಾ, ಉಕ್ಕಿನ ತಗಡಿನ ಟಾಪು. ಮ್ಯಾಗ್ನೆಟ್ ಬೇಸ್ ಇರುವ ಆಂಟೆನಾ ತಂದ, ಟಾಪಿನ ನಡುವೆ ಇಟ್ಟ, ಎಸ್‌ಡಬ್ಲ್ಯುಆರ್ (ಆಂಟೆನಾ ರೇಡಿಯೋಗೆ ಎಷ್ಟು ಹೊಂದಿದೆ ಅನ್ನುವ ಅಳತೆ, 1 ಆದರೆ ಪೂರ್ತಿ ಸರಿ) 1.3 ಬಂತು, ಕೆಲಸ ಮುಗಿಯಿತು. ಅದೇ ಮ್ಯಾಗ್ನೆಟ್ಟನ್ನು ನನ್ನ ಟಾಪಿಗೆ ಇಟ್ಟು ತೋರಿಸಿದ. ಜಾರಿ ಕೆಳಗೆ ಬಂತು. "ನಿಂದು ನಮ್ಮಜ್ಜಿ ಅನ್ನದ ಡಬರಿ ಇದ್ದ ಹಾಗೆ ಕಣೋ, ಪೂರ್ತಿ ಅಲ್ಯೂಮಿನಿಯಂ" ಅಂದ. ಸರಿಯೇ. 2015ರ ಮಾಡೆಲ್‌ನಿಂದ ಎಫ್-150ರ ಕ್ಯಾಬು, ಬಾನೆಟ್ಟು, ಬೆಡ್ಡು ಎಲ್ಲ ಅಲ್ಯೂಮಿನಿಯಂ, ಕೆಳಗಿನ ಚಾಸಿ ಮಾತ್ರ ಉಕ್ಕು. ಅಲ್ಯೂಮಿನಿಯಂ ಕರೆಂಟ್ ಹರಿಸುವುದರಲ್ಲಿ ಉಕ್ಕಿಗಿಂತ ಚೆನ್ನಾಗಿದೆ, ಆಂಟೆನಾಗೆ ಅದರಿಂದ ನಷ್ಟ ಇಲ್ಲ. ಮ್ಯಾಗ್ನೆಟ್ ಹಿಡಿಯುವುದಿಲ್ಲ, ಅಷ್ಟೇ.

ಜಾಗ ನೋಡುವ ಮೊದಲು ಸ್ವಲ್ಪ ಲೆಕ್ಕ. ಸಿಬಿಯ 40 ಚಾನೆಲ್‌ಗಳು 26.965 ಮೆಗಾಹರ್ಟ್ಸ್‌ನಿಂದ 27.405ರವರೆಗೆ ಇವೆ. ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲು ಭಾಗ ಅಂದರೆ ಒಂಬತ್ತು ಅಡಿ ಉದ್ದದ ಕಡ್ಡಿ ಬೇಕು. ಹಳೆಯ ಜೀಪುಗಳ ಹಿಂದೆ ಬಾಗಿ ತೂಗಾಡುವ 102 ಇಂಚಿನ ಸ್ಟೀಲ್ ಕಡ್ಡಿ ಅದೇ ಲೆಕ್ಕದ್ದು. ಅಷ್ಟು ಉದ್ದ ಬೇಡ ಅನ್ನುವವರು ಮೂರು-ನಾಲ್ಕು ಅಡಿಯ ಕಡ್ಡಿಗೆ ತಂತಿ ಸುತ್ತಿ ಉದ್ದದ ಕೊರತೆ ತುಂಬುತ್ತಾರೆ. ಆದರೆ ಕಡ್ಡಿ ಅರ್ಧ ಆಂಟೆನಾ ಮಾತ್ರ. ಉಳಿದರ್ಧ ಕೆಳಗಿರುವ ಗಾಡಿಯ ಲೋಹ. ಯಾವ ದಿಕ್ಕಿನಲ್ಲಿ ಲೋಹ ಜಾಸ್ತಿ ಹರಡಿದೆಯೋ ಆ ಕಡೆಗೆ ಸಿಗ್ನಲ್ ಜೋರಾಗಿ ಹೋಗುತ್ತದೆ. ಎಡ ಹಿಂದಿನ ಮೂಲೆಯಲ್ಲಿ ಇಟ್ಟರೆ ಬಲ ಮುಂದಕ್ಕೆ ಜೋರು, ಉಳಿದ ಕಡೆ ಸಪ್ಪೆ. ಟಾಪಿನ ನಡುವೆ ಇಟ್ಟರೆ ಎಲ್ಲ ಕಡೆ ಸಮ. ಅದಕ್ಕೇ ಎಲ್ಲರೂ ಟಾಪು ಟಾಪು ಅನ್ನುವುದು.

ನನಗೂ ಮೊದಲ ಆಸೆ ಟಾಪೇ. ಮ್ಯಾಗ್ನೆಟ್ ಆಗದಿದ್ದರೆ ಮುಕ್ಕಾಲು ಇಂಚು ತೂತು ಹೊಡೆದು ಎನ್‌ಎಂಒ ಅನ್ನುವ ಮೌಂಟ್ (ಆಂಟೆನಾ ಕೂರಿಸುವ ಬುಡ) ಹಾಕಬಹುದು, ಪೊಲೀಸ್ ಗಾಡಿಗಳಿಗೆ ಹಾಕುವ ಹಾಗೆ. ಆದರೆ ನನ್ನ ಟಾಪಿನ ನಡುವೆ ಇರುವುದು ಗಾಜು. ತಗಡು ಉಳಿದಿರುವುದು ಮುಂದೊಂದು ಪಟ್ಟಿ, ಹಿಂದೊಂದು ಪಟ್ಟಿ. ಹಿಂದಿನ ಪಟ್ಟಿಗೆ ಹೊಡೆಯಬೇಕಾದರೆ ಒಳಗಿನ ಸೀಲಿಂಗ್ ಬಟ್ಟೆ ಇಳಿಸಬೇಕು, ಅಂಚಿನಲ್ಲಿ ಓಡುವ ಕರ್ಟನ್ ಏರ್‌ಬ್ಯಾಗ್ ತಪ್ಪಿಸಿ ಕೇಬಲ್ ತರಬೇಕು. ಇನ್ನೊಂದು ಎತ್ತರ. ಗಾಡಿ ಸುಮಾರು 77 ಇಂಚು, ನಮ್ಮ ಮನೆ ಗ್ಯಾರೇಜಿನ ಬಾಗಿಲು 84. ಉಳಿದ ಏಳು ಇಂಚಿನಲ್ಲಿ ಯಾವ ಸಿಬಿ ಆಂಟೆನಾ ಹಿಡಿಸುತ್ತದೆ? ಪ್ರತಿ ಸಲ ಟಾಪಿಗೆ ಹತ್ತಿ ಬಿಚ್ಚಬೇಕು. ಕಾಗದದ ಮೇಲೆ ಅತ್ಯುತ್ತಮ ಜಾಗ, ನನ್ನ ಬದುಕಿಗೆ ಅಲ್ಲ. ಬಿಟ್ಟೆ.

ಕನ್ನಡಿಯ ತೋಳಿಗೆ ಹಾಕು ಅಂದವರು ಇದ್ದಾರೆ. ದೊಡ್ಡ ಲಾರಿಗಳಲ್ಲಿ ಕನ್ನಡಿ ಹಿಡಿಯುವುದು ಗಟ್ಟಿ ಕಬ್ಬಿಣದ ಕೊಳವೆ, ಅಲ್ಲಿ ನಡೆಯುತ್ತದೆ. ಅವುಗಳ ಬಾನೆಟ್ ಫೈಬರ್, ಬೇರೆ ಜಾಗವೂ ಕಡಿಮೆ. ನನ್ನ ಗಾಡಿಯ ಕನ್ನಡಿ ಪೂರ್ತಿ ಪ್ಲಾಸ್ಟಿಕ್ ಹೊದಿಕೆ. ಅದು ಸಾಲದು ಅಂತ ಬಾಗಿಲಿಗೂ ಕ್ಯಾಬಿಗೂ ಸಂಬಂಧ ಗ್ರೀಸ್ ಹಾಕಿದ ಹಿಂಜಿನ ಮೂಲಕ ಮಾತ್ರ. ನೋಡದೇ ಬಿಟ್ಟೆ.

ದೊಡ್ಡ ಲಾರಿ ಅಂದಾಗ ನೆನಪಾಯಿತು, ಎರಡೂ ಬದಿಗೆ ಒಂದೊಂದು ಆಂಟೆನಾ ಹಾಕುತ್ತಾರಲ್ಲ, ಅದು ಶೋಕಿಗಲ್ಲ. ಎರಡರ ನಡುವೆ ಎಂಟು-ಒಂಬತ್ತು ಅಡಿ ಇದ್ದರೆ ಸಿಗ್ನಲ್ ರಸ್ತೆಯ ಉದ್ದಕ್ಕೆ, ಹಿಂದಕ್ಕೂ ಮುಂದಕ್ಕೂ ಜೋರಾಗುತ್ತದೆ. ಪಿಕಪ್‌ನ ಅಗಲ ಆರೂವರೆ ಅಡಿ. ಇಲ್ಲಿ ಎರಡು ಹಾಕಿದರೆ ಲಾಭ ಅತಿ ಕಡಿಮೆ, ಟ್ಯೂನ್ ಮಾಡುವ ತಲೆನೋವು ಎರಡು ಪಟ್ಟು. ಅದು ಬರೀ ಶೋಕಿ.

ಉಳಿದಿದ್ದು ಮೂರು ಜಾಗ: ಬಾನೆಟ್ ಮತ್ತು ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ನಡುವಿನ ಸಂದಿನಲ್ಲಿ ಕೂರುವ ಬ್ರಾಕೆಟ್, ಬೆಡ್ಡಿನ ಅಂಚಿನ ಮೇಲೆ ಕ್ಯಾಬಿನ ಹಿಂದೆಯೇ ಇರುವ ಚೌಕ ತೂತು, ಮತ್ತು ಹಿಂದಿನ ಬಂಪರ್. ತೂತು ಹೊಡೆಯುವ ಮೊದಲು ಮೂರನ್ನೂ ಪರೀಕ್ಷೆ ಮಾಡೋಣ ಅಂತ ಸಿ-ಕ್ಲಾಂಪ್, ಅಗಲದ ಹೆಣೆದ ತಾಮ್ರದ ಪಟ್ಟಿ, ಫೈರ್‌ಸ್ಟಿಕ್ ಕಂಪನಿಯ ನಾಲ್ಕಡಿಯ ಆಂಟೆನಾ ಕಡ್ಡಿ ಹಿಡಿದು ಭಾನುವಾರ ಬೆಳಗ್ಗೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋದೆವು. ಗೆಳೆಯ ಒಂದು ಮೈಲಿ ದೂರದಲ್ಲಿ ನಿಂತ. ನಾನು ಪ್ರತಿ ಜಾಗದಲ್ಲಿ ಕಡ್ಡಿ ಕಟ್ಟಿ, ಗಾಡಿಯನ್ನು ಎಂಟು ದಿಕ್ಕಿಗೆ ತಿರುಗಿಸಿ ನಿಲ್ಲಿಸಿ, ಮೈಕ್ ಒತ್ತಿ, ಅವನ ರೇಡಿಯೋದ ಸಿಗ್ನಲ್ ಮೀಟರಿನಲ್ಲಿ ಮುಳ್ಳು ಎಲ್ಲಿದೆ ಅಂತ ಕೇಳಿ ಬರೆದುಕೊಂಡೆ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಸುಮಾರು ಜನ ಎಸ್‌ಡಬ್ಲ್ಯುಆರ್ ಒಂದನ್ನೇ ನೋಡಿ ಸಮಾಧಾನ ಮಾಡಿಕೊಳ್ಳುತ್ತಾರೆ. ಎಸ್‌ಡಬ್ಲ್ಯುಆರ್ ಹೇಳುವುದು ರೇಡಿಯೋ ಕಳಿಸಿದ್ದರಲ್ಲಿ ಎಷ್ಟು ವಾಪಸ್ ಬಂತು ಅಂತ. ಗಾಳಿಗೆ ಎಷ್ಟು ಹೋಯಿತು ಅಂತ ಅಲ್ಲ. ಕಡ್ಡಿಯ ಬದಲು 50 ಓಮ್‌ನ ಡಮ್ಮಿ ಲೋಡ್ (ಬಂದ ಪವರ್ ಎಲ್ಲ ಬಿಸಿ ಮಾಡಿ ನುಂಗುವ ರೆಸಿಸ್ಟರ್) ಸಿಕ್ಕಿಸಿದರೆ ಎಸ್‌ಡಬ್ಲ್ಯುಆರ್ ಮೀಟರ್ 1.0 ತೋರಿಸುತ್ತದೆ, ಪಕ್ಕದ ಬೀದಿಗೂ ಮಾತು ತಲುಪುವುದಿಲ್ಲ. ರೇಡಿಯೋ ಸುಡದ ಹಾಗೆ ಕಾಯಲು ಎಸ್‌ಡಬ್ಲ್ಯುಆರ್ ಬೇಕು. ಜಾಗ ಆರಿಸಲು ದೂರದಲ್ಲಿ ಒಬ್ಬ ಗೆಳೆಯ ಬೇಕು.

ಪರೀಕ್ಷೆಯಲ್ಲಿ ಬಂಪರ್ ಮೊದಲು ಸೋತಿತು. ಕಡ್ಡಿಯ ಮುಕ್ಕಾಲು ಭಾಗ ಬೆಡ್ಡಿಗೂ ಟೇಲ್‌ಗೇಟಿಗೂ ಅಂಟಿಕೊಂಡ ಹಾಗೆ ನಿಲ್ಲುತ್ತದೆ, ಎಷ್ಟು ಟ್ಯೂನ್ ಮಾಡಿದರೂ ಎಸ್‌ಡಬ್ಲ್ಯುಆರ್ 2ರ ಕೆಳಗೆ ಬರಲಿಲ್ಲ. ಜೊತೆಗೆ ಅದರ ಹಿಂದೆಯೇ ಹತ್ತಡಿ ಎತ್ತರದ ಟ್ರೇಲರ್ ಗೋಡೆ ಬಂದು ನಿಲ್ಲುತ್ತದೆ. ಅಲ್ಲಿಗೆ ಅದರ ಕಥೆ ಮುಗಿಯಿತು.

ಬಾನೆಟ್ ಪಕ್ಕದ ಬ್ರಾಕೆಟ್ ನೋಡಲು ಚೆನ್ನಾಗಿತ್ತು. ತೂತು ಹೊಡೆಯುವುದು ಬೇಡ, ಫೆಂಡರಿನ ಬೋಲ್ಟಿನ ಕೆಳಗೇ ಸೇರುತ್ತದೆ, ಕೇಬಲ್ ದಾರಿ ಚಿಕ್ಕದು. ಎಸ್‌ಡಬ್ಲ್ಯುಆರ್ ಸಲೀಸಾಗಿ 1.5 ಬಂತು. ಆದರೆ ದಿಕ್ಕಿನ ಲೆಕ್ಕದಲ್ಲಿ ಸೋತಿತು. ಕಡ್ಡಿ ಎಡ ಮುಂದಿನ ಮೂಲೆಯಲ್ಲಿ, ಲೋಹವೆಲ್ಲ ಬಲ ಹಿಂದಕ್ಕೆ. ಗಾಡಿಯ ಹಿಂಭಾಗ ಗೆಳೆಯನ ಕಡೆಗಿದ್ದಾಗ ಮುಳ್ಳು 9ರ ಹತ್ತಿರ, ಮೂತಿ ಅವನ ಕಡೆ ತಿರುಗಿಸಿದರೆ 7. ನನಗೆ ಬೇಕಾಗಿರುವುದು ಮುಂದೆ ಏನಾಗುತ್ತಿದೆ ಅನ್ನುವ ಸುದ್ದಿ! ಇನ್ನೊಂದು ಗದ್ದಲ. ಎಂಜಿನ್ ಶುರು ಮಾಡಿದ ಕೂಡಲೇ ಯಾರೂ ಮಾತಾಡದಿದ್ದರೂ ನನ್ನ ಮೀಟರಿನ ಮುಳ್ಳು 3ಕ್ಕೆ ಏರಿ ಕೂತಿತು. ಇಂಜೆಕ್ಟರ್, ಇಗ್ನಿಷನ್ ಕಾಯಿಲ್, ಆಲ್ಟರ್ನೇಟರ್ ಎಲ್ಲ ಅಲ್ಲೇ ಎರಡಡಿ ಆಚೆ ಇವೆ. ಕಿವಿಗೆ ಬರುವ ದೂರದ ಸಣ್ಣ ದನಿ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಇನ್ನು ಬೆಡ್ಡಿನ ಮುಂದಿನ ತೂತು. ಇದು ಮೂಲದಲ್ಲಿ ಮರದ ಗೂಟ ನಿಲ್ಲಿಸಿ ಬೇಲಿ ಕಟ್ಟಲು ಬಿಟ್ಟ ಜಾಗ. ಇದಕ್ಕೆಂದೇ ಸಿಗುವ ಮೌಂಟ್ ಇದೆ, ಬೋಲ್ಟ್ ಬಿಗಿ ಮಾಡಿದರೆ ಒಳಗಿನಿಂದ ಅಗಲವಾಗಿ ಕಚ್ಚಿಕೊಳ್ಳುತ್ತದೆ. ಉದ್ದದಲ್ಲಿ ನೋಡಿದರೆ ಇದು ಗಾಡಿಯ ನಡುವಿಗೆ ಉಳಿದೆರಡಕ್ಕಿಂತ ಹತ್ತಿರ, ಅಂದರೆ ಮುಂದೆ ಕ್ಯಾಬು, ಹಿಂದೆ ಬೆಡ್ಡು, ಎರಡೂ ಕಡೆ ಲೋಹ ಇದೆ. ಎಂಜಿನ್ ಗದ್ದಲ ಇಲ್ಲಿ 1ಕ್ಕೆ ಇಳಿಯಿತು. ತೊಂದರೆ ಎಂದರೆ ಪಕ್ಕದಲ್ಲೇ ಕ್ಯಾಬಿನ ಗೋಡೆ. ಕಡ್ಡಿಯ ಕೆಳಗಿನ ಭಾಗ ಅದರ ಮರೆಯಲ್ಲಿ ಬೀಳುತ್ತದೆ. ಕಡ್ಡಿಯ ಮೂರರಲ್ಲಿ ಎರಡು ಪಾಲು ಟಾಪಿಗಿಂತ ಮೇಲಿರಬೇಕು ಅನ್ನುವುದು ಹಳೆಯ ಅಂದಾಜು. ಬೆಡ್ಡಿನ ಅಂಚಿನಿಂದ ಟಾಪು ಸುಮಾರು 20 ಇಂಚು ಮೇಲಿದೆ. ನಾಲ್ಕಡಿ ಅಂದರೆ 48 ಇಂಚಿನ ಕಡ್ಡಿಯಲ್ಲಿ 28 ಇಂಚು ಹೊರಗೆ, ಸ್ವಲ್ಪ ಕಡಿಮೆಯೇ. ಐದಡಿಯದ್ದಾದರೆ 60ರಲ್ಲಿ 40, ಲೆಕ್ಕ ಸರಿಹೋಗುತ್ತದೆ. ಜೊತೆಗೆ ಸುರುಳಿ ತುದಿಯ ಕಡೆ ಇರುವ ಕಡ್ಡಿ ಇಲ್ಲಿಗೆ ಒಳ್ಳೆಯದು, ಬುಡದಲ್ಲಿ ಸುರುಳಿ ಇರುವಂಥದ್ದು ಟಾಪಿಗೆ ಮಾತ್ರ.

ಆದರೆ ಮೊದಲ ಅಳತೆ ನೋಡಿದರೆ ಯಾರಾದರೂ ಈ ಜಾಗವನ್ನು ಬಿಟ್ಟೇ ಹೋಗುತ್ತಿದ್ದರು. ಚಾನೆಲ್ 1ರಲ್ಲಿ 2.7, 40ರಲ್ಲಿ 2.9. ಕಡ್ಡಿಯ ತುದಿ ತಿರುಪಿ ಉದ್ದ ಮಾಡಿದರೂ ಅಷ್ಟೇ, ಗಿಡ್ಡ ಮಾಡಿದರೂ ಅಷ್ಟೇ. ಎಲ್ಲ ಚಾನೆಲ್‌ನಲ್ಲೂ ಜಾಸ್ತಿ ಇದ್ದು ಉದ್ದ ಬದಲಿಸಿದರೂ ಕದಲದಿದ್ದರೆ ತೊಂದರೆ ಕಡ್ಡಿಯದಲ್ಲ, ಕೇಬಲ್‌ದು ಅಥವಾ ಅರ್ಥಿಂಗ್‌ದು. ಕೇಬಲ್ ಬದಲಿಸಿ ನೋಡಿದೆ, ಹಾಗೇ ಇತ್ತು. ಹಾಗಾದರೆ ಅರ್ಥಿಂಗ್.

ಬೆಡ್ಡು ಅನ್ನುವುದು ಚಾಸಿಯ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಬೇರೆ ಪೆಟ್ಟಿಗೆ. ಕ್ಯಾಬು ಇನ್ನೊಂದು ಪೆಟ್ಟಿಗೆ, ರಬ್ಬರ್ ಬುಷ್‌ಗಳ ಮೇಲೆ ಕೂತಿದೆ. ಅಲ್ಯೂಮಿನಿಯಂ ಮತ್ತು ಉಕ್ಕು ನೇರವಾಗಿ ತಾಗಿದರೆ ನೀರು ಬಿದ್ದಾಗ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಅದಕ್ಕೆ ನಡುವೆ ಬಣ್ಣ, ಲೇಪನ ಎಲ್ಲ ಇರುತ್ತದೆ. ಹೀಗಾಗಿ ಕಡ್ಡಿಗೆ ಸಿಕ್ಕಿದ ಲೋಹ ಬೆಡ್ಡು ಮಾತ್ರ, ಕ್ಯಾಬು ಲೆಕ್ಕಕ್ಕೇ ಇಲ್ಲ. ಮಲ್ಟಿಮೀಟರ್ ಇಟ್ಟರೆ ಬೆಡ್ಡಿನಿಂದ ಬ್ಯಾಟರಿ ಮೈನಸ್‌ಗೆ ಓಮ್ ಸೊನ್ನೆಯ ಹತ್ತಿರವೇ ತೋರಿಸಿತು, ಯಾಕೆಂದರೆ ಎಲ್ಲೋ ಒಂದು ವೈರ್ ಹೋಗಿ ಸೇರಿರುತ್ತದೆ. ಇಲ್ಲೇ ಜನ ಮೋಸಹೋಗುವುದು. ಹಿಂದಿನ ಲೈಟಿಗೆ ಆ ಅರ್ಥಿಂಗ್ ಸಾಕು, 27 ಮೆಗಾಹರ್ಟ್ಸ್‌ಗೆ ಸಾಲದು. ಒಂದಡಿ ಉದ್ದದ ತೆಳು ತಂತಿ ಆ ಫ್ರೀಕ್ವೆನ್ಸಿಯಲ್ಲಿ ಹೆಚ್ಚುಕಡಿಮೆ 50 ಓಮ್ ತಡೆ ಒಡ್ಡುತ್ತದೆ. ಆಂಟೆನಾ ಲೈನೇ 50 ಓಮ್! ಅದಕ್ಕೆ ಪಟ್ಟಿ ಅಗಲವಾಗಿರಬೇಕು, ಗಿಡ್ಡವಾಗಿರಬೇಕು. ಮೀಟರ್ ಏನು ಹೇಳುತ್ತದೆ ಅನ್ನುವುದು ಆಮೇಲೆ.

ಒಂದಿಂಚು ಅಗಲದ, ತವರ ಬಳಿದ ಹೆಣೆದ ತಾಮ್ರದ ಪಟ್ಟಿ ತಂದೆ. ತವರ ಇಲ್ಲದ ಬರೀ ತಾಮ್ರವನ್ನು ಅಲ್ಯೂಮಿನಿಯಂಗೆ ಕಟ್ಟಬೇಡಿ. ಡಾನರ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಉಪ್ಪುನೀರು ಸೇರಿದರೆ ಆ ಜೋಡಣೆ ಬೇಗ ಹಾಳಾಗುತ್ತದೆ. ಬೆಡ್ಡಿನ ಮುಂದಿನ ಅಂಚಿನಿಂದ ಚಾಸಿಗೆ ಎರಡೂ ಬದಿಗೆ ಒಂದೊಂದು, ಕ್ಯಾಬಿನ ಹಿಂಭಾಗದಿಂದ ಬೆಡ್ಡಿಗೆ ಎರಡು. ಎಲ್ಲಕ್ಕೂ ಮೊದಲೇ ಇದ್ದ ಬೋಲ್ಟುಗಳನ್ನೇ ಬಳಸಿದೆ. ಒಂದೊಂದು ಕಡೆಯೂ ಎಮರಿ ಪೇಪರ್‌ನಿಂದ ಬಣ್ಣ ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಅಲ್ಯೂಮಿನಿಯಂ ವೈರಿಂಗ್‌ಗೆ ಹಚ್ಚುವ ಪೇಸ್ಟ್ ಹಚ್ಚಿ, ಸ್ಟೇನ್‌ಲೆಸ್ ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಮತ್ತೆ ಬಣ್ಣ ಬಳಿದೆ. ಕ್ಯಾಬು ಮತ್ತು ಬೆಡ್ಡು ಓಡುವಾಗ ಬೇರೆಬೇರೆ ಅಲುಗುತ್ತವೆ, ಹಾಗಾಗಿ ಅವೆರಡರ ನಡುವಿನ ಪಟ್ಟಿಗೆ ಚೂರು ಸಡಿಲ ಬಿಡಬೇಕು. ಇದೆಲ್ಲ ನೆಲದ ಮೇಲೆ ಮಲಗಿ ಮಾಡುವ ಕೆಲಸ. ಬೆನ್ನು ಇನ್ನೂ ಬೈಯುತ್ತಿದೆ.

ಎದ್ದು ಮೀಟರ್ ನೋಡಿದರೆ ಚಾನೆಲ್ 1ರಲ್ಲಿ 1.4, 20ರಲ್ಲಿ 1.2, 40ರಲ್ಲಿ 1.7. ಕಡ್ಡಿ ಅದೇ, ಕೇಬಲ್ ಅದೇ, ಜಾಗ ಅದೇ. ಮತ್ತೆ ಎಂಟು ದಿಕ್ಕು ತಿರುಗಿಸಿದೆವು. ಅತಿ ಜೋರಿಗೂ ಅತಿ ಸಪ್ಪೆಗೂ ಒಂದೇ ಗೆರೆಯ ವ್ಯತ್ಯಾಸ. ಐವತ್ತು ಡಾಲರ್ ಜಾಸ್ತಿ ಕೊಟ್ಟು ಒಳ್ಳೆಯ ಕಡ್ಡಿ ತರಬೇಕು ಅನ್ನುವವರು ಮೊದಲು ಹತ್ತು ಡಾಲರ್‌ನ ಪಟ್ಟಿ ತಂದು ಗಾಡಿಯ ಕೆಳಗೆ ಮಲಗಲಿ.

ಎಡವೋ ಬಲವೋ ಅನ್ನುವುದು ಆಮೇಲಿನ ಜಗಳ. ಇಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ, ಮರದ ಕೊಂಬೆಗಳು ತಾಗುವುದು ಬಲಬದಿಗೇ. ಸೈಲೆನ್ಸರ್ ಪೈಪ್ ಕೂಡ ಬಲದಲ್ಲೇ ಹೋಗುತ್ತದೆ, ಆ ಬಿಸಿಯ ಹತ್ತಿರ ಕೇಬಲ್ ಎಳೆಯಲು ಮನಸ್ಸಿಲ್ಲ. ಎಡಗಡೆ ಅಂದರೆ ಅಲ್ಲೇ ಕೆಳಗೆ ಪೆಟ್ರೋಲ್ ಹಾಕುವ ಬಾಯಿ. ಅದಕ್ಕೆ ಅಲ್ಲಿ ಡ್ರಿಲ್ ಮುಟ್ಟಿಸಲೇ ಇಲ್ಲ, ಮೌಂಟ್ ಕಚ್ಚಿಕೊಂಡಿರುವುದೇ ಸಾಕು. ಬಂಕಿನಲ್ಲಿ ನಿಂತಾಗ ರೇಡಿಯೋ ಆಫ್. ಎಡವೇ ಗೆದ್ದಿತು.

ಕೇಬಲ್ ಆರ್‌ಜಿ-8ಎಕ್ಸ್. ಮೌಂಟಿನಿಂದ ಚಾಸಿಯ ಪಕ್ಕ ಇಳಿದು, ಕ್ಯಾಬಿನ ನೆಲದಲ್ಲಿರುವ ರಬ್ಬರ್ ಮುಚ್ಚಳದ ಮೂಲಕ ಒಳಗೆ. ಬಾಗಿಲಿನ ಸಂದಿನಲ್ಲಿ ತರುವುದು ಸುಲಭ, ಆದರೆ ಬಾಗಿಲು ಬಡಿದು ಬಡಿದು ಕೇಬಲ್ ಚಪ್ಪಟೆಯಾಗಿ ಒಂದು ದಿನ ಒಳಗೇ ಶಾರ್ಟ್ ಆಗುತ್ತದೆ. ಕೇಬಲ್ 18 ಅಡಿಯೇ ಇರಬೇಕು ಅನ್ನುವ ನಂಬಿಕೆ ಇನ್ನೂ ಓಡುತ್ತಿದೆ. ಆಂಟೆನಾ ಸರಿಯಾಗಿ ಹೊಂದಿಕೊಂಡಿದ್ದರೆ ಉದ್ದ ಎಷ್ಟಿದ್ದರೂ ನಡೆಯುತ್ತದೆ. ಮಿಕ್ಕಿದ್ದನ್ನು ಸಣ್ಣ ಸುರುಳಿ ಸುತ್ತಿ ಸೀಟಿನ ಕೆಳಗೆ ತುರುಕಬೇಡಿ, ಒಂದಡಿ ದೊಡ್ಡ ಸುತ್ತು ಬಿಡಿ ಅಥವಾ ಕತ್ತರಿಸಿ ಹೊಸ ಪ್ಲಗ್ ಹಾಕಿ.

ಕರೆಂಟ್ ನೇರ ಬ್ಯಾಟರಿಯಿಂದ, ಪ್ಲಸ್ ತುದಿಯ ಹತ್ತಿರವೇ ಫ್ಯೂಸ್. ಮೈನಸ್ಸನ್ನು ಬ್ಯಾಟರಿಯ ಮೇಲೆ ಹಾಕಲಿಲ್ಲ. ಈ ಗಾಡಿಯಲ್ಲಿ ಆ ತುದಿಗೆ ಬ್ಯಾಟರಿ ಸೆನ್ಸರ್ ಕೂತಿದೆ, ಅದನ್ನು ದಾಟಿ ಬಾಡಿಗೆ ಸೇರುವ ಬೋಲ್ಟಿಗೆ ಹಾಕಬೇಕು.

ಕೊನೆಯ ಟ್ಯೂನಿಂಗ್ ಟ್ರೇಲರ್ ಕಟ್ಟಿಯೇ ಮಾಡಿದೆ. ಬಯಲಿನಲ್ಲಿ, ಬಾಗಿಲು ಬಾನೆಟ್ ಎಲ್ಲ ಮುಚ್ಚಿ, ಪಕ್ಕದಲ್ಲಿ ಯಾರೂ ನಿಲ್ಲದಂತೆ. ಕಡ್ಡಿಯಿಂದ ಟ್ರೇಲರಿನ ಗೋಡೆ ಒಂಬತ್ತಡಿ ದೂರ ಇದ್ದರೂ ಅಷ್ಟು ದೊಡ್ಡ ಅಲ್ಯೂಮಿನಿಯಂ ಗೋಡೆ ಸುಮ್ನೆ ಇರುವುದಿಲ್ಲ, 40ರಲ್ಲಿ 1.7 ಇದ್ದದ್ದು 1.9ಕ್ಕೆ ಹೋಗಿತ್ತು. 40ರಲ್ಲಿ ಜಾಸ್ತಿ, 1ರಲ್ಲಿ ಕಡಿಮೆ ಇದ್ದರೆ ಕಡ್ಡಿ ಉದ್ದವಾಗಿದೆ ಅಂತ ಅರ್ಥ. ತುದಿಯ ತಿರುಪು ಸ್ವಲ್ಪ ಒಳಕ್ಕೆ ಹಾಕಿದೆ, ಎರಡೂ ಕಡೆ 1.5ಕ್ಕೆ ಬಂದು ನಿಂತಿತು. ಟ್ರೇಲರ್ ಬಿಚ್ಚಿದರೆ 1ರಲ್ಲಿ 1.6 ಆಗುತ್ತದೆ. ಇರಲಿ, 2ರ ಒಳಗಿದ್ದರೆ ಆಯಿತು. ಟ್ರೇಲರ್ ಇಲ್ಲದೆ ನಾನು ಹೋಗುವುದು ಆಫೀಸಿಗೆ, ಅಲ್ಲಿಗೆ ಸಿಬಿ ಯಾಕೆ?

ಕಡ್ಡಿಯ ಬುಡಕ್ಕೆ ಒತ್ತಿ ತಿರುಗಿಸಿದರೆ ಕಳಚುವ ಕ್ವಿಕ್ ಡಿಸ್ಕನೆಕ್ಟ್ ಹಾಕಿದ್ದೇನೆ. ಗ್ಯಾರೇಜಿಗೆ ನುಗ್ಗುವ ಮೊದಲು ಬೆಡ್ಡಿನ ಪಕ್ಕದಲ್ಲಿ ನಿಂತೇ ಕಡ್ಡಿ ತೆಗೆದು ಒಳಗೆ ಎಸೆಯಬಹುದು, ಏಣಿ ಬೇಡ. ಇದರಿಂದ ಕಡ್ಡಿ ಚೂರು ಉದ್ದವಾಗುತ್ತದೆ, ಅದಕ್ಕೆ ಟ್ಯೂನ್ ಮಾಡುವ ಮೊದಲೇ ಹಾಕಿಬಿಡಿ. ಇನ್ನು ಬಾಕಿ ಇರುವುದು ಸ್ಪೀಕರ್. ರೇಡಿಯೋದ ಕೆಳಗಿನ ಸ್ಪೀಕರ್ ಕಾರ್ಪೆಟ್ ಕಡೆ ಮುಖ ಮಾಡಿದೆ, ಹೈವೇ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ತಲೆಯ ಹಿಂದೆ ಒಂದು ಚಿಕ್ಕದನ್ನು ಹಾಕಲು ಬ್ರಾಕೆಟ್ ತಂದಿಟ್ಟಿದ್ದೇನೆ, ಮುಂದಿನ ವಾರ ನೋಡೋಣ.